ಅವಲಕ್ಕಿ ಸರ ಮಾಡಿಕೊಟ್ಟ ಅಕ್ಕಸಾಲಿಗರಿಗೆ

ಮಗಳ ಮದುವೆಗೆ ನನ್ನ ಅತ್ತೆಯವರ ಸವೆದ ಬಳೆಗಳನ್ನು ಕರಗಿಸಿ, ಅವಲಕ್ಕಿಯಂಥ ತೆಳು ಬಿಲ್ಲೆಗಳನ್ನು ಜೋಡಿಸಿದ ಹಳೆಯ ಮಾದರಿಯ ಅವಲಕ್ಕಿ ಸರವೊಂದನ್ನು ಮಾಡಿಸಬೇಕೆಂದು ಶಿವಮೊಗ್ಗದ ಅಂಗಡಿಗಳಲ್ಲಿ ವಿಚಾರಿಸಿದಾಗ, ಹಳೆಯ ಚಿನ್ನ ಕೊಟ್ಟು ಸಿದ್ಧ ಸರ ಒಯ್ಯಿರಿ ಎಂಬ ಉತ್ತರವೇ ಎಲ್ಲೆಡೆ ದೊರೆಯಿತು. ಮುಹೂರ್ತ ಹತ್ತಿರವಾಗಿತ್ತು, ಅತ್ತೆಯವರ ಚಿನ್ನವೇ ಮೊಮ್ಮಗಳ ಕೊರಳಿಗೆ ಬೀಳಬೇಕೆಂಬ ಆಸೆಯನ್ನು ಬಹುತೇಕ ಕೈಬಿಟ್ಟಿದ್ದೆವು.

ಗಾಂಧಿ ಬಜಾರಿನ ಹಿಂದಿನ ಓಣಿಯೊಂದರಲ್ಲಿ ಒಬ್ಬರೇ ಕುಳಿತು ಕೆಲಸ ಮಾಡುವ ಅಕ್ಕಸಾಲಿಗರೊಬ್ಬರು ನಮ್ಮ ಬಳಿಯಿದ್ದ ಮಾಸಿದ ಫೋಟೊವನ್ನು ಭೂತಗನ್ನಡಿಯಲ್ಲಿ ನೋಡಿ, ಕಾಗದದ ಮೇಲೆ ಒಂದು ಬಿಲ್ಲೆಯ ಚಿತ್ರ ಬರೆದು, "ಇಷ್ಟು ತೆಳು ಸಾಕೇನಮ್ಮ?" ಎಂದು ಕೇಳಿದರು. ಬಳೆಗಳನ್ನು ಒರೆಗಲ್ಲಿಗೆ ಹಚ್ಚಿ, ನನ್ನೆದುರಿಗೇ ತೂಗಿ, ಹಳೆಯ ಒಡವೆಯಲ್ಲಿ ಬೆಸುಗೆ ಹೆಚ್ಚಿರುವುದರಿಂದ ಕರಗಿಸಿದಾಗ ಚಿನ್ನವು 22 ಕ್ಯಾರೆಟ್‌ಗೆ, ಅಂದರೆ ನೂರಕ್ಕೆ 91.6 ಪಾಲಿನ ಶುದ್ಧತೆಗೆ, ನಿಲ್ಲಲಾರದೆಂದೂ ಅದಕ್ಕೆ ಎಷ್ಟು ಅಪರಂಜಿ ಸೇರಿಸಬೇಕಾದೀತೆಂದೂ ಮೊದಲೇ ಲೆಕ್ಕ ಬರೆದುಕೊಟ್ಟರು. ಬೇರೆಲ್ಲೂ ಯಾರೂ ಹೀಗೆ ಬಿಡಿಸಿ ಹೇಳಿರಲಿಲ್ಲ.

ಕರಗಿಸುವ ಹೊತ್ತಿಗೆ ನನ್ನನ್ನು ಕುಲುಮೆಯ ಪಕ್ಕದಲ್ಲೇ ಕೂರಿಸಿಕೊಂಡರು (ಮಳೆಗೆ ಕರೆಂಟ್ ಹೋದಾಗ ಟಾರ್ಚ್ ಹಿಡಿದದ್ದೂ ನಾನೇ). ಸರ ಒಪ್ಪಿಸಿದ ದಿನ ಅರದಿಂದ ಉದುರಿದ ಪುಡಿಯನ್ನೂ ಗುಲಾಬಿ ಬಣ್ಣದ ಕಾಗದದಲ್ಲಿ ಮಡಿಸಿ ಕೈಗಿತ್ತರು; ಕೊಂಡಿಯು ಕೂದಲಿಗೆ ಸಿಕ್ಕಿಕೊಳ್ಳದಂತೆ, ನಾವು ಕೇಳದಿದ್ದರೂ, ಅದರ ತುದಿಯನ್ನು ಉಜ್ಜಿ ನಯ ಮಾಡಿದ್ದರು. ಮಗಳ ಕೊರಳಿಗೆ ಅದನ್ನು ಹಾಕಿ ನೋಡಿದಾಗ ಎಷ್ಟೋ ದಿನಗಳ ಚಿಂತೆ ಇಳಿಯಿತು. ಹೆಸರು ಹಾಕುವುದು ಬೇಡವೆಂದು ಅವರೇ ಹೇಳಿದ್ದರಿಂದ ಇಲ್ಲಿ ಬರೆದಿಲ್ಲ. ಅವರಿಗೆ ನಮ್ಮ ಮನೆಯವರೆಲ್ಲರ ಧನ್ಯವಾದಗಳು.