ಹೊರಗುತ್ತಿಗೆ: ಗಂಟೆ ದರದಾಚೆಗಿನ ಲೆಕ್ಕ

ಮಾನ್ಯರೇ,

ಅಮೆರಿಕದ ಕಂಪನಿಗಳು ತಮ್ಮ ಐಟಿ ಹಾಗೂ ಕಚೇರಿ ಕೆಲಸಗಳನ್ನು ಭಾರತದ ಬದಲು ನೆರೆಯ ಮೆಕ್ಸಿಕೊಗೆ ಹೊರಗುತ್ತಿಗೆ ಕೊಡುವ ಮಾತು ಎದ್ದಾಗಲೆಲ್ಲ ನಮ್ಮಲ್ಲಿ ಚರ್ಚೆ ಎಂಜಿನಿಯರುಗಳ ಗಂಟೆ ದರಕ್ಕೇ ಬಂದು ನಿಲ್ಲುತ್ತದೆ. ದರದಲ್ಲಿ ಬೆಂಗಳೂರು ಸಾಮಾನ್ಯವಾಗಿ ಅಗ್ಗವೇ. ಆದರೆ ಕೆಲಸ ಕೊಡುವವರು ಮೊದಲು ತೂಗಿ ನೋಡಬೇಕಾದದ್ದು, ಆ ಕೆಲಸದಲ್ಲಿ ಏಳುವ ಸಂದೇಹಗಳಿಗೆ ಎಷ್ಟು ಹೊತ್ತಿನಲ್ಲಿ ಉತ್ತರ ಸಿಗಬೇಕು ಎಂಬುದನ್ನು.

ಚಳಿಗಾಲದಲ್ಲಿ ಮೆಕ್ಸಿಕೊದ ಗ್ವಾಡಲಹಾರಾ ಮತ್ತು ಅಮೆರಿಕದ ಷಿಕಾಗೊ ನಗರಗಳ ಗಡಿಯಾರಗಳು ಒಂದೇ ಹೊತ್ತು ತೋರಿಸುತ್ತವೆ. ಬೆಂಗಳೂರು ಹನ್ನೊಂದೂವರೆ ಗಂಟೆ ಮುಂದಿರುತ್ತದೆ. ಬಿಲ್ಲಿನಲ್ಲಿ ರಿಯಾಯಿತಿಯನ್ನು ತೆರಿಗೆಗೆ ಮೊದಲು ಕಳೆಯಬೇಕೋ ನಂತರವೋ ಎಂಬ ಅನುಮಾನ ಇಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಟೆಸ್ಟರ್ ಒಬ್ಬರಿಗೆ ಬೆಳಿಗ್ಗೆ 11ಕ್ಕೆ ಬಂದರೆ, ಷಿಕಾಗೊದಲ್ಲಿ ಆಗ ಹಿಂದಿನ ರಾತ್ರಿ ಹನ್ನೊಂದೂವರೆ. ಅಲ್ಲಿಯವರು ಕಚೇರಿಗೆ ಬಂದು ಉತ್ತರಿಸುವಷ್ಟರಲ್ಲಿ ಇಲ್ಲಿ ರಾತ್ರಿ ಎಂಟೂವರೆ ದಾಟಿರುತ್ತದೆ. ಆ ಉತ್ತರದಲ್ಲೇ ಮರುಪ್ರಶ್ನೆ ಇದ್ದರೆ ಇನ್ನೊಂದು ದಿನ ಹೋಯಿತು. ಇದನ್ನು ತಪ್ಪಿಸಲೆಂದು ಹಾಕುವ ಎರಡನೇ ಪಾಳಿಯ ಭತ್ಯೆ, ರಾತ್ರಿ ಕ್ಯಾಬ್, ಬೇಸತ್ತು ಬಿಟ್ಟುಹೋದವರ ಜಾಗಕ್ಕೆ ಬಂದ ಹೊಸಬರ ತರಬೇತಿ ಎಲ್ಲವೂ ಕೊನೆಗೆ ಆ ಅಗ್ಗದ ದರದ ಮೇಲೆಯೇ ಕೂರುತ್ತವೆ. ಗ್ವಾಡಲಹಾರಾದಲ್ಲಾದರೆ ಅದೇ ಅನುಮಾನ ಊಟಕ್ಕೆ ಮೊದಲು ಒಂದು ಫೋನ್ ಕರೆಯಲ್ಲಿ ಬಗೆಹರಿಯುತ್ತದೆ.

ಹಾಗೆಂದು ಎಲ್ಲವನ್ನೂ ಹತ್ತಿರಕ್ಕೆ ಒಯ್ಯುವುದು ಜಾಣತನವಲ್ಲ. ನಿಯಮಗಳು ಒಮ್ಮೆ ಗಟ್ಟಿಯಾಗಿ ಗೊತ್ತಾದ ಬಿಲ್ ಪರಿಶೀಲನೆ, ತಿಂಗಳ ಕೊನೆಯ ಲೆಕ್ಕ ಮುಗಿಸುವುದು, ರಾತ್ರಿ ಓಡುವ ಸಿಸ್ಟಮ್‌ಗಳ ನಿಗಾ, ಇಂಥವುಗಳಿಗೆ ದೂರವೇ ಅನುಕೂಲ. ಷಿಕಾಗೊದಲ್ಲಿ ಸಂಜೆ ಆರಕ್ಕೆ ಬಿಟ್ಟ ಕಾಗದಪತ್ರ ಮರುದಿನ ಅವರು ಬರುವ ಮೊದಲೇ ಸಿದ್ಧವಾಗಿರುತ್ತದೆ.

ಮೆಕ್ಸಿಕೊ ಕಡೆಯ ಖರ್ಚನ್ನೂ ಪೂರ್ತಿ ನೋಡಬೇಕು. ಅಲ್ಲಿನ 2021ರ ಕಾನೂನು ಬರಿಯ ಸಿಬ್ಬಂದಿ ಪೂರೈಕೆಯ ಗುತ್ತಿಗೆಯನ್ನು ನಿಷೇಧಿಸಿದೆ. ಕಂಪನಿಯ ಮುಖ್ಯ ವ್ಯವಹಾರಕ್ಕೆ ಸೇರದ ವಿಶೇಷ ಸೇವೆಗಳಿಗೆ ಮಾತ್ರ, ಅದೂ ಕಾರ್ಮಿಕ ಸಚಿವಾಲಯದ ನೋಂದಣಿ ಇದ್ದರೆ, ಅವಕಾಶ. ಆದ್ದರಿಂದ ಅಲ್ಲಿ ಶಾಖೆ ತೆರೆದು ಏಜೆನ್ಸಿಯಿಂದ ಆಳುಗಳನ್ನು ತರಿಸಿಕೊಳ್ಳುವ ನಮ್ಮ ರೂಢಿ ನಡೆಯದು. ತೆರಿಗೆಗೆ ಒಳಪಡುವ ಲಾಭದ ಶೇ 10ರಷ್ಟನ್ನು, ತಲಾ ಒಂದು ಮಿತಿಯೊಳಗೆ, ನೌಕರರಿಗೆ ಹಂಚಬೇಕು (ನಮ್ಮ ಐಟಿ ನೌಕರರಿಗೆ ಕೇಳಿದರೆ ಹೊಟ್ಟೆಕಿಚ್ಚಾದೀತು!). 2023ರಲ್ಲಿ ಅಲ್ಲಿನ ಹಣವಾದ ಪೆಸೊ ಡಾಲರ್ ಎದುರು ಬಲಗೊಂಡಾಗ, ಸಂಬಳ ಏರಿಸದಿದ್ದರೂ ಡಾಲರ್ ಲೆಕ್ಕದ ವೆಚ್ಚ ಏರಿತು.

ಇದು ಭಾರತಕ್ಕೂ ಮೆಕ್ಸಿಕೊಗೂ ನಡುವಿನ ಪಂದ್ಯ ಎಂಬಂತೆ ಚರ್ಚಿಸುವುದೂ ಸರಿಯಲ್ಲ. ಟಿಸಿಎಸ್ ಗ್ವಾಡಲಹಾರಾದಲ್ಲಿ, ನಮ್ಮ ಇನ್ಫೊಸಿಸ್ ಮಾಂಟೆರೇಯಲ್ಲಿ ಬಹಳ ಹಿಂದೆಯೇ ಕಚೇರಿ ತೆರೆದಿವೆ. 2025ರ ಸೆಪ್ಟೆಂಬರ್‌ನಲ್ಲಿ ಅಮೆರಿಕ ಹೊಸ ಎಚ್‌-1ಬಿ ಉದ್ಯೋಗ ವೀಸಾ ಅರ್ಜಿಗಳಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದ ಮೇಲೆ, ಗ್ರಾಹಕರ ಪಕ್ಕದಲ್ಲೇ ಜನರನ್ನು ಕೂರಿಸುವುದು ದುಬಾರಿಯಾಗಿದೆ. ಆ ಜಾಗವನ್ನು ಮೆಕ್ಸಿಕೊ ಕಚೇರಿಗಳು ತುಂಬಬಲ್ಲವು.

ನಮ್ಮ ಕಂಪನಿಗಳು ಸರಾಸರಿ ದರವೊಂದನ್ನು ಮುಂದಿಡುವ ಬದಲು, ಯಾವ ಕೆಲಸ ಎಲ್ಲಿ ನಡೆಯುತ್ತದೆ, ಪ್ರಶ್ನೆಗೆ ಎಷ್ಟು ಗಂಟೆಯಲ್ಲಿ ಉತ್ತರ ಸಿಗುತ್ತದೆ ಎಂಬುದನ್ನು ಪ್ರಸ್ತಾವದಲ್ಲೇ ಬರೆದು ಕೊಡಲಿ.

– ನಿವೃತ್ತ ಪ್ರಾಜೆಕ್ಟ್ ಮ್ಯಾನೇಜರ್, ಜಯನಗರ, ಬೆಂಗಳೂರು