ಟ್ವೀಟ್ ಅಚ್ಚು ಹಾಕುವ ಮುನ್ನ

ಮಾನ್ಯ ಸಂಪಾದಕರೇ,

ಸಿನಿಮಾ ಪುಟವಿರಲಿ, ಕ್ರೀಡೆಯ ಪುಟವಿರಲಿ, ‘...ಎಂದು ಎಕ್ಸ್‌ನಲ್ಲಿ ಬರೆದುಕೊಂಡಿದ್ದಾರೆ’ ಎಂದು ಮುಗಿಯುವ ವರದಿ ದಿನಕ್ಕೊಂದಾದರೂ ಕಣ್ಣಿಗೆ ಬೀಳುತ್ತದೆ. ಇದೆಲ್ಲ ಪ್ರಚಾರದ ಗೀಳು, ಲೈಕಿನ ಹಸಿವು ಎಂಬ ಗೊಣಗಾಟವೂ ವಾಚಕರ ವಾಣಿಯಲ್ಲಿ ಆಗಾಗ ಕೇಳಿಬರುತ್ತದೆ. ಗೀಳು ಇರುವುದು ನಿಜ. ಆದರೆ ದೊಡ್ಡ ನಟನಿಗೂ, ರಸ್ತೆ ಗುಂಡಿಗೆ ಬಿದ್ದೆದ್ದ ಬೈಕ್ ಸವಾರನಿಗೂ ಒಂದೇ ಜಾಲತಾಣ ಹಿಡಿಸಿದ್ದು ಹೇಗೆ ಎಂಬುದಕ್ಕೆ ಅದೊಂದೇ ಉತ್ತರವಾಗದು. ಇಬ್ಬರಿಗೂ ಅಲ್ಲಿ ನಡುವಿನವರ ಹಂಗು ತಪ್ಪಿತು. ನಟನ ಪಾಲಿಗೆ ಆ ನಡುವಿನವನು ವರದಿಗಾರ, ಸವಾರನ ಪಾಲಿಗೆ ಕಚೇರಿಯ ಗುಮಾಸ್ತ. ಪತ್ರಿಕೆಯೂ ಈ ನಡುವಿನವರ ಪೈಕಿಯೇ ಆದ್ದರಿಂದ ಈ ಕಾಗದ ನಿಮಗೆ.

ಫೇಸ್‌ಬುಕ್ ಗೆಳೆತನಕ್ಕೆ ಇಬ್ಬರೂ ಒಪ್ಪಬೇಕು. 2006ರಲ್ಲಿ ಶುರುವಾಗಿ ಈಗ ಎಕ್ಸ್ ಎನಿಸಿಕೊಂಡಿರುವ ಟ್ವಿಟರ್‌ನಲ್ಲಿ ಹಿಂಬಾಲಿಸುವವರು ಒಪ್ಪಿದರೆ ಸಾಕು, ಆಚೆ ಕಡೆಯವರ ಅನುಮತಿ ಬೇಡ. ಲಕ್ಷಾಂತರ ಜನ ಒಬ್ಬರನ್ನು ಫಾಲೋ ಮಾಡಬಹುದು, ಆ ಒಬ್ಬರು ಯಾರನ್ನೂ ಫಾಲೋ ಮಾಡದೆ ಇರಬಹುದು. ಹಾಗಿದ್ದೂ ಅವರ ಹೆಸರು ಟ್ಯಾಗ್ ಮಾಡಿ ಯಾರು ಬೇಕಾದರೂ ಮಾತಾಡಿಸಬಹುದು. ಇನ್ನೊಂದು, ಅಳತೆ. ಇಂಗ್ಲಿಷಿನ ಒಂದು ಎಸ್ಸೆಮ್ಮೆಸ್‌ಗೆ 160 ಅಕ್ಷರದ ಮಿತಿ ಇತ್ತು. ಬಳಕೆದಾರನ ಹೆಸರಿಗೆ 20 ಬಿಟ್ಟು ಉಳಿದ 140 ಟ್ವೀಟಿನ ಪಾಲಿಗೆ ಬಂತು. ಈ ಇಕ್ಕಟ್ಟೇ ಬರೆಯುವ ಅಂಜಿಕೆಯನ್ನು ಕಳೆಯಿತು. ಬ್ಲಾಗ್ ಶುರು ಮಾಡಿ ನಾಲ್ಕೇ ಬರಹಕ್ಕೆ ಕೈಬಿಟ್ಟವರೆಷ್ಟೋ. ಎರಡು ಸಾಲು ಬರೆಯಲು ಪೀಠಿಕೆ ಬೇಡ, ಮುಕ್ತಾಯ ಬೇಡ, ವ್ಯಾಕರಣ ತಪ್ಪಿದರೂ ಅವಸರದ ಮಾತು ಎಂದು ಜನ ಮನ್ನಿಸುತ್ತಾರೆ.

ಖ್ಯಾತನಾಮರು ಇದರ ರುಚಿ ಕಂಡದ್ದು 2009ರ ಸುಮಾರಿಗೆ. ಆ ಏಪ್ರಿಲ್‌ನಲ್ಲಿ ಹಾಲಿವುಡ್ ನಟ ಆಷ್ಟನ್ ಕುಚರ್ ಮತ್ತು ಸಿಎನ್‌ಎನ್ ಸುದ್ದಿವಾಹಿನಿಯ ನಡುವೆ ಮೊದಲು ಹತ್ತು ಲಕ್ಷ ಫಾಲೋವರ್‌ ಯಾರಿಗೆ ಎಂಬ ಪೈಪೋಟಿ ನಡೆದು ಕುಚರ್ ಗೆದ್ದರು. ಒಬ್ಬ ನಟ ಒಂದು ಸುದ್ದಿವಾಹಿನಿಯನ್ನು ಅದರದೇ ಕಸುಬಿನಲ್ಲಿ ಹಿಂದೆ ಹಾಕಿದ್ದ. ನಮ್ಮಲ್ಲಿ ಅಮಿತಾಭ್ ಬಚ್ಚನ್ 2010ರಲ್ಲಿ ಸೇರಿದವರು ಪ್ರತಿ ಟ್ವೀಟಿಗೂ ಕ್ರಮಸಂಖ್ಯೆ ಹಾಕುತ್ತಾ ಬಂದಿದ್ದಾರೆ, ಕಚೇರಿಯ ಕಡತದ ಹಾಗೆ. ಅದೇ ವರ್ಷ ಆಗಿನ ಐಪಿಎಲ್ ಮುಖ್ಯಸ್ಥ ಲಲಿತ್ ಮೋದಿ ಕೊಚ್ಚಿ ಐಪಿಎಲ್ ತಂಡದ ಪಾಲುದಾರರ ಹೆಸರನ್ನು ಟ್ವೀಟ್ ಮಾಡಿದರು. ಅಲ್ಲಿಂದ ಎದ್ದ ಗಲಾಟೆ ಶಶಿ ತರೂರ್ ಸಚಿವ ಸ್ಥಾನ ಬಿಡುವವರೆಗೂ ಹೋಯಿತು. ಆ ಮಾಹಿತಿಗೆ ಸುದ್ದಿಗೋಷ್ಠಿಯೂ ಬೇಕಾಗಲಿಲ್ಲ, ಪತ್ರಿಕೆಯೂ ಬೇಕಾಗಲಿಲ್ಲ.

ಖ್ಯಾತರಿಗೆ ಇದರಲ್ಲಿ ಸಿಗುವ ದೊಡ್ಡ ಲಾಭ ಫಾಲೋವರ್ ಸಂಖ್ಯೆ ಅಲ್ಲವೆಂದೇ ನನ್ನ ಎಣಿಕೆ. ಅಲ್ಲಿ ಎರಡನೇ ಪ್ರಶ್ನೆ ಇರುವುದಿಲ್ಲ. ವಿಚ್ಛೇದನ, ನಿವೃತ್ತಿ, ಸಿನಿಮಾದಿಂದ ಹೊರನಡೆದದ್ದು, ಯಾವುದೇ ಆಗಲಿ, ಬಿಳಿ ಹಾಳೆಯ ಚಿತ್ರವೊಂದರಲ್ಲಿ ನಾಲ್ಕು ಸಾಲು ಬರೆದು ಹಾಕಿ ಫೋನ್ ಬದಿಗಿಟ್ಟರೆ ಆಯಿತು. ಕೆಳಗೆ ಸಾವಿರ ಜನ ‘ಯಾಕೆ?’ ಎಂದು ಕೇಳಿದರೂ ಉತ್ತರಿಸಬೇಕಾಗಿಲ್ಲ. ಮರುದಿನ ಪತ್ರಿಕೆ ಆ ನಾಲ್ಕು ಸಾಲನ್ನೇ ಎತ್ತಿ ಮೂರು ಕಾಲಂ ಹಾಕಿದರೆ, ಆ ಪ್ರಶ್ನೆಯನ್ನು ಪತ್ರಿಕೆಯೂ ಬಿಟ್ಟುಕೊಟ್ಟಂತೆ.

ಆ ಸಾಲುಗಳನ್ನು ಬರೆದವರು ಯಾರು ಎಂಬುದೂ ಕೇಳಬೇಕಾದದ್ದೇ. ದೊಡ್ಡ ಹೆಸರಿನ ಖಾತೆಗಳನ್ನು ಬಹುಪಾಲು ಒಂದು ತಂಡ ನೋಡಿಕೊಳ್ಳುತ್ತದೆ. ತಿಂಗಳ ಪಟ್ಟಿ ಮೊದಲೇ ಸಿದ್ಧ: ಹಬ್ಬದ ಶುಭಾಶಯ, ಹಿರಿಯ ನಟರ ಪುಣ್ಯತಿಥಿ, ಟ್ರೇಲರ್, ಜಾಹೀರಾತು. ಅವನ್ನೆಲ್ಲ ಗಂಟೆ ನಿಗದಿ ಮಾಡಿ ತುಂಬಿಡುತ್ತಾರೆ. ಎಡವಟ್ಟು ಆಗುವ ಜಾಗಗಳೂ ಗೊತ್ತಿರುವಂಥವೇ. ಊರಿಗೆ ಊರೇ ಸೂತಕದಲ್ಲಿರುವ ಹೊತ್ತಿಗೆ ಮೊದಲೇ ತುಂಬಿಟ್ಟ ಟೀಸರ್ ತಾನಾಗಿಯೇ ಹೊರಬೀಳುತ್ತದೆ. ಕೆಟ್ಟ ಸುದ್ದಿ ಬಂದ ಕೂಡಲೇ ಮಾಡಬೇಕಾದ ಮೊದಲ ಕೆಲಸ ಸಂತಾಪ ಬರೆಯುವುದಲ್ಲ, ನಿಗದಿ ಪಟ್ಟಿಯನ್ನು ತಡೆಯುವುದು. ಇನ್ನು, ಒಂದೇ ಫೋನಿನಲ್ಲಿ ಐದು ಖಾತೆ ಇಟ್ಟುಕೊಂಡವರು. ಬರೆಯುವಾಗ ಯಾವ ಖಾತೆಯಿಂದ ಬರೆಯುತ್ತಿದ್ದೀರಿ ಎಂದು ತೋರಿಸುವುದು ಮೂಲೆಯ ಪುಟ್ಟ ಚಿತ್ರ ಮಾತ್ರ. ಸ್ವಂತ ಖಾತೆ ಎಂದುಕೊಂಡು ಬರೆದ ಕುಹಕ ಗಿರಾಕಿಯ ಖಾತೆಯಲ್ಲಿ ಪ್ರಕಟವಾಗುತ್ತದೆ. ಸ್ವಂತ ಖಾತೆಯನ್ನು ಆ ಫೋನಿನಲ್ಲಿ ಇಡದಿರುವುದೊಂದೇ ಇದಕ್ಕೆ ಮದ್ದು.

2019ರ ಹೊಸ ವರ್ಷದ ಶುಭಾಶಯವನ್ನು ಚೀನಾದ ಫೋನ್ ಕಂಪನಿ ಹುವಾವೇ ಟ್ವೀಟ್ ಮಾಡಿತು. ಕೆಳಗಿನ ಸಣ್ಣಕ್ಷರದಲ್ಲಿ ‘ಟ್ವಿಟರ್ ಫಾರ್ ಐಫೋನ್’ ಎಂದಿತ್ತು. ಎದುರಾಳಿ ಕಂಪನಿಯ ಫೋನಿನಿಂದ! ಇಬ್ಬರು ಸಿಬ್ಬಂದಿಗೆ ಹಿಂಬಡ್ತಿ, ಸಂಬಳ ಕಡಿತ ಆಯಿತು. ಯಾವ ಸಾಧನದಿಂದ ಬಂತೆಂದು ಹೇಳುತ್ತಿದ್ದ ಆ ಸಾಲನ್ನು 2022ರ ಕೊನೆಯಲ್ಲಿ ತೆಗೆದುಹಾಕಿದರು. ಓದುಗರಿಗೆ ಇದ್ದ ಒಂದು ಸುಳಿವು ಹೋಯಿತು.

ಜಾಹೀರಾತಿನ ವಿಷಯಕ್ಕೆ ಬಂದರೆ, ಹಣ, ಉಡುಗೊರೆ, ಉಚಿತ ಪ್ರವಾಸ ಯಾವುದೇ ಪಡೆದು ವಸ್ತುವನ್ನು ಹೊಗಳಿದರೆ ಅದನ್ನು ಅದೇ ಪೋಸ್ಟಿನಲ್ಲಿ ಸ್ಪಷ್ಟವಾಗಿ ಹೇಳಬೇಕು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಜನವರಿಯಲ್ಲೇ ಸೂಚನೆ ಹೊರಡಿಸಿದೆ. ದಾರಿ ತಪ್ಪಿಸುವ ಜಾಹೀರಾತಿಗೆ ಮೊದಲ ಸಲ 10 ಲಕ್ಷ ರೂಪಾಯಿವರೆಗೆ, ಮರುಕಳಿಸಿದರೆ 50 ಲಕ್ಷದವರೆಗೆ ದಂಡ ಹಾಕಲು ಅವಕಾಶವಿದೆ. ಹಾಗಿದ್ದೂ ‘ಜಾಹೀರಾತು’ ಎಂಬ ಪದವನ್ನು ಹತ್ತು ಹ್ಯಾಷ್‌ಟ್ಯಾಗ್‌ಗಳ ನಡುವೆ ಹೂತಿಡುವುದು ನಿಂತಿಲ್ಲ. ಅಂಥ ಪೋಸ್ಟನ್ನು ‘ನಟಿಯ ಫಿಟ್‌ನೆಸ್ ಗುಟ್ಟು’ ಎಂದು ಪುರವಣಿಯಲ್ಲಿ ಹಾಕಿದರೆ ಕಂಪನಿಗೆ ಬಿಟ್ಟಿ ಜಾಹೀರಾತು.

ಈಗ ಜನಸಾಮಾನ್ಯರ ಕಡೆಗೆ. ಸುಷ್ಮಾ ಸ್ವರಾಜ್ ವಿದೇಶಾಂಗ ಸಚಿವೆಯಾಗಿದ್ದಾಗ ಹೊರದೇಶದಲ್ಲಿ ಸಿಕ್ಕಿಬಿದ್ದವರಿಗೆ, ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ಟ್ವಿಟರ್‌ನಲ್ಲೇ ಉತ್ತರ ಕೊಡುತ್ತಿದ್ದರು. ಕೆಟ್ಟ ಫ್ರಿಜ್ ಬಗ್ಗೆ ದೂರಿದ ಒಬ್ಬರಿಗೆ, ಸಂಕಷ್ಟದಲ್ಲಿರುವ ಮನುಷ್ಯರ ಕೆಲಸವೇ ನನಗೆ ಸಾಕಷ್ಟಿದೆ ಎಂಬರ್ಥದ ಉತ್ತರ ಕೊಟ್ಟದ್ದೂ ಉಂಟು. ಸುರೇಶ್ ಪ್ರಭು ಕಾಲದ ರೈಲ್ವೆಯೂ ಹಾಗೆಯೇ, ಓಡುವ ರೈಲಿನಲ್ಲಿದ್ದ ಮಗುವಿಗೆ ಮುಂದಿನ ನಿಲ್ದಾಣದಲ್ಲಿ ಹಾಲು ತಲುಪಿಸಿದ ಖ್ಯಾತಿ ಪಡೆಯಿತು. ಅರ್ಜಿ ಕೊಟ್ಟರೆ ನೋಡಿದವರು ಇಬ್ಬರು, ಟ್ವೀಟ್ ಮಾಡಿದರೆ ಊರೆಲ್ಲ ನೋಡುತ್ತದೆ. ಉತ್ತರ ಬೇಗ ಬರುವ ಗುಟ್ಟು ಅಷ್ಟೇ.

ಆದರೆ ಉತ್ತರ ಬರುವಂತೆ ಬರೆಯುವವರು ಕಡಿಮೆ. ‘ಈ ಊರಿಗೆ ಯಾರೂ ದಿಕ್ಕಿಲ್ಲವೇ?’ ಎಂದು ಮುಖ್ಯಮಂತ್ರಿಯಿಂದ ಹಿಡಿದು ಎಂಟು ಮಂದಿಯನ್ನು ಟ್ಯಾಗ್ ಮಾಡಿದರೆ ಎಂಟೂ ಮಂದಿ ಅದು ಇನ್ನೊಬ್ಬರ ಕೆಲಸ ಎಂದುಕೊಳ್ಳುತ್ತಾರೆ. ಬರೆಯಬೇಕಾದ ಕ್ರಮ ಹೀಗೆ: ಮೊದಲ ಸಾಲಿನಲ್ಲಿ ಜಾಗ, ಅಡ್ಡರಸ್ತೆಯ ಸಂಖ್ಯೆ, ಹತ್ತಿರದ ಗುರುತು. ಎರಡನೇ ಸಾಲಿನಲ್ಲಿ ಏನಾಗಿದೆ, ಯಾವತ್ತಿನಿಂದ. ಮೂರನೆಯದರಲ್ಲಿ ಏನು ಆಗಬೇಕು. ಜೊತೆಗೆ ಎರಡು ಫೋಟೊ, ಒಂದು ದೂರದಿಂದ ಜಾಗ ಗೊತ್ತಾಗುವಂತೆ, ಇನ್ನೊಂದು ಹತ್ತಿರದಿಂದ. ಹೊಣೆ ಇರುವ ಒಂದು ಇಲಾಖೆ, ಬೇಕಾದರೆ ಅದರ ಮೇಲಿನ ಒಂದು. ಟ್ವೀಟಿಗೆ ಮೊದಲು ಬೆಸ್ಕಾಂ ಆದರೆ 1912, ರೈಲ್ವೆ ಆದರೆ 139ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಇಟ್ಟುಕೊಂಡರೆ ‘ದೂರು ದಾಖಲಿಸಿ’ ಎಂಬ ಸಿದ್ಧ ಉತ್ತರದಿಂದ ಪಾರಾಗಬಹುದು.

ಬಹಿರಂಗವಾಗಿ ಹಾಕಬಾರದವು ಫೋನ್ ನಂಬರ್, ಪಿಎನ್‌ಆರ್, ಕರೆಂಟ್ ಬಿಲ್ಲಿನ ಆರ್‌ಆರ್ ಸಂಖ್ಯೆ, ಬ್ಯಾಂಕ್ ಖಾತೆಯ ಕೊನೆಯ ನಾಲ್ಕಂಕಿ. ಬ್ಯಾಂಕುಗಳ ಹೆಸರು ಟ್ಯಾಗ್ ಆಗುವುದನ್ನೇ ವಂಚಕರು ಹಗಲಿರುಳು ಕಾಯುತ್ತಿರುತ್ತಾರೆ. ದೂರು ಬಿದ್ದ ಕೆಲವೇ ನಿಮಿಷಕ್ಕೆ ಬ್ಯಾಂಕಿನದೇ ಲೋಗೊ, ‘ಕಸ್ಟಮರ್ ಕೇರ್’ ಎಂಬ ಹೆಸರಿನ ಖಾತೆಯಿಂದ ‘ನಂಬರ್ ಕಳಿಸಿ ಸರ್, ಕೂಡಲೇ ಸರಿಪಡಿಸುತ್ತೇವೆ’ ಎಂಬ ಉತ್ತರ ಬರುತ್ತದೆ. ಆಮೇಲೆ ಒಂದು ಕೊಂಡಿ, ಒಂದು ಆ್ಯಪ್, ಒಂದು ಒಟಿಪಿ. ಅಸಲಿ ಬ್ಯಾಂಕಿಗಿಂತ ನಕಲಿಯವರೇ ಚುರುಕು ಎನ್ನುವುದು ಬೇಸರದ ಮಾತು. ಹಣ ಹೋದದ್ದು ಗೊತ್ತಾದ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ತಡವಾದಷ್ಟೂ ಹಣ ಖಾತೆಯಿಂದ ಖಾತೆಗೆ ದಾಟಿಬಿಡುತ್ತದೆ.

‘ಟ್ರೆಂಡಿಂಗ್’ ಬಗ್ಗೆ ಒಂದೇ ಮಾತು. ಆ ಪಟ್ಟಿ ನೋಡುವುದು ಒಟ್ಟು ಎಷ್ಟು ಜನ ಬರೆದರು ಎಂಬುದನ್ನಲ್ಲ, ಎಷ್ಟು ದಿಢೀರನೆ ಏರಿತು ಎಂಬುದನ್ನು. ಅದಕ್ಕೇ ಅಭಿಮಾನಿ ಬಳಗಗಳು ಹ್ಯಾಷ್‌ಟ್ಯಾಗನ್ನು ಕೊನೆಯ ಗಳಿಗೆವರೆಗೆ ಗುಟ್ಟಾಗಿಟ್ಟು, ಗೊತ್ತು ಮಾಡಿದ ಗಂಟೆಗೆ ಎಲ್ಲರೂ ಒಟ್ಟಿಗೆ ಬಿಡುತ್ತವೆ. ‘ದೇಶದಾದ್ಯಂತ ಟ್ರೆಂಡ್’ ಎಂಬ ಶೀರ್ಷಿಕೆಯ ಹಿಂದೆ ಇಂಥ ಸಿದ್ಧತೆಯೇ ಇರಬಹುದು. ಎಲ್ಲವೂ ಹಾಗೆನ್ನಲಾಗದು. 2017ರಲ್ಲಿ ನಮ್ಮ ಮೆಟ್ರೊದಲ್ಲಿ ಹಿಂದಿ ಬೇಡ ಎಂದು ಟ್ವಿಟರ್‌ನಲ್ಲಿ ಎದ್ದ ಕೂಗು ನಿಲ್ದಾಣಗಳ ಹಿಂದಿ ಫಲಕಗಳನ್ನು ಮುಚ್ಚಿಸುವವರೆಗೆ ಹೋಯಿತು. 2021ರ ಜೂನ್‌ನಲ್ಲಿ ಗೂಗಲ್ ಹುಡುಕಾಟ ಕನ್ನಡವನ್ನು ಕುರೂಪಿ ಭಾಷೆ ಎಂದು ತೋರಿಸಿದಾಗಲೂ ಹೀಗೇ ಕೂಗೆದ್ದು ಕಂಪನಿ ಕ್ಷಮೆ ಕೇಳಿತು.

ಕನ್ನಡದಲ್ಲಿ ಬರೆಯುವವರಿಗೆ ಒಂದು ತಾಂತ್ರಿಕ ತೊಡಕಿದೆ, ಇದನ್ನು ಯಾರೂ ಹೇಳುವುದಿಲ್ಲ. 2017ರ ನವೆಂಬರ್‌ನಲ್ಲಿ ಟ್ವೀಟಿನ ಮಿತಿ 140ರಿಂದ 280ಕ್ಕೆ ಏರಿತು. ಆದರೆ ಯಂತ್ರ ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ, ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಇವನ್ನೆಲ್ಲ ಬೇರೆ ಬೇರೆಯಾಗಿ. ‘ಲಕ್ಷ್ಮಿ’ ನಮಗೆ ಎರಡಕ್ಷರ, ಯಂತ್ರಕ್ಕೆ ಏಳು. ‘ಕರ್ನಾಟಕ’ ನಮಗೆ ನಾಲ್ಕು, ಅದಕ್ಕೆ ಏಳು. ಒತ್ತಕ್ಷರ ತುಂಬಿದ ಸಂಸ್ಕೃತಮಯ ಕನ್ನಡ ಬರೆದರೆ ಜಾಗ ಬೇಗ ಮುಗಿಯುತ್ತದೆ, ಆಡುಮಾತಿನಲ್ಲಿ ಬರೆದರೆ ಹೆಚ್ಚು ಹಿಡಿಸುತ್ತದೆ. ಕೊಂಡಿ ಎಷ್ಟೇ ಉದ್ದವಿದ್ದರೂ 23 ಎಂದೇ ಲೆಕ್ಕ. ಹ್ಯಾಷ್‌ಟ್ಯಾಗಿಗೆ ವಿಭಕ್ತಿ ಅಂಟಿಸಬಾರದು. ‘ಬೆಂಗಳೂರು’ ಒಂದು ಟ್ಯಾಗ್ ಆದರೆ ‘ಬೆಂಗಳೂರಿನಲ್ಲಿ’ ಯಂತ್ರದ ಕಣ್ಣಿಗೆ ಬೇರೆಯೇ ಟ್ಯಾಗ್, ಹುಡುಕಿದವರಿಗೆ ಸಿಗುವುದಿಲ್ಲ. ವಾಕ್ಯವನ್ನು ಸಹಜವಾಗಿ ಬರೆದು ಟ್ಯಾಗನ್ನು ಕೊನೆಯಲ್ಲಿ ಬಿಡಿಯಾಗಿ ಹಾಕುವುದು ಒಳ್ಳೆಯದು.

ಬೆಂಗಳೂರಿನಲ್ಲೇ ಹುಟ್ಟಿ, 2020ರಲ್ಲಿ ಮೊದಲು ಕನ್ನಡದಲ್ಲೇ ಬಂದ ‘ಕೂ’ ಎಂಬ ಟ್ವಿಟರ್ ಮಾದರಿಯ ಆ್ಯಪ್ 400 ಅಕ್ಷರ ಕೊಟ್ಟಿತು. ಸಚಿವರು, ಕ್ರಿಕೆಟಿಗರು ಖಾತೆ ತೆರೆದರು. ಆದರೆ ಖ್ಯಾತರು ಟ್ವಿಟರ್‌ನಲ್ಲಿ ಬರೆದದ್ದನ್ನೇ ಇಲ್ಲಿಯೂ ಅಂಟಿಸಿದರೆ ಅಭಿಮಾನಿಗೆ ಎರಡನೇ ಆ್ಯಪ್ ಯಾಕೆ ಬೇಕು? ದುಡ್ಡಿನ ಅಭಾವವೂ ಸೇರಿ 2024ರ ಜುಲೈನಲ್ಲಿ ಅದು ಬಾಗಿಲು ಹಾಕಿತು.

ಪತ್ರಿಕೆಯ ಡೆಸ್ಕಿಗೆ ನಾಲ್ಕಾರು ಕೋರಿಕೆಗಳಿವೆ. ನೀಲಿ ಟಿಕ್ ನೋಡಿ ನಂಬಬೇಡಿ. ಖ್ಯಾತರ ಹೆಸರಿನಲ್ಲಿ ನಕಲಿ ಖಾತೆಗಳ ಕಾಟ ತಡೆಯಲೆಂದು 2009ರಲ್ಲಿ ಬಂದ ಗುರುತದು, 2022ರ ನವೆಂಬರ್‌ನಲ್ಲಿ ಹಣ ಕೊಟ್ಟವರಿಗೆಲ್ಲ ಸಿಗತೊಡಗಿತು. ಆ ವಾರವೇ ಎಲೈ ಲಿಲ್ಲಿ ಎಂಬ ಔಷಧ ಕಂಪನಿಯ ಹೆಸರಿನ ಟಿಕ್ ಇದ್ದ ನಕಲಿ ಖಾತೆ ‘ಇನ್ನು ಇನ್ಸುಲಿನ್ ಉಚಿತ’ ಎಂದು ಸಾರಿತು, ಅಸಲಿ ಕಂಪನಿ ಕ್ಷಮೆ ಕೇಳಬೇಕಾಯಿತು. ಈಗ ಬೂದು ಟಿಕ್ ಸರ್ಕಾರದ್ದು, ಚಿನ್ನದ ಬಣ್ಣದ್ದು ಸಂಸ್ಥೆಗಳದ್ದು. ದಪ್ಪಕ್ಷರದ ಹೆಸರನ್ನು ಯಾರು ಬೇಕಾದರೂ ಇಟ್ಟುಕೊಳ್ಳಬಹುದು, ಕೆಳಗಿನ ಹ್ಯಾಂಡಲನ್ನು, ಅಂದರೆ @ ಗುರುತಿನಿಂದ ಶುರುವಾಗುವ ಹೆಸರನ್ನು, ಒಂದೊಂದೇ ಅಕ್ಷರ ಓದಬೇಕು. ಇಂಗ್ಲಿಷಿನ ಸಣ್ಣ ಎಲ್ ಇರಬೇಕಾದಲ್ಲಿ ದೊಡ್ಡ ಐ, ಓ ಜಾಗದಲ್ಲಿ ಸೊನ್ನೆ ಇಟ್ಟರೆ ಬರಿಗಣ್ಣಿಗೆ ಗೊತ್ತಾಗುವುದಿಲ್ಲ.

ಸ್ಕ್ರೀನ್‌ಶಾಟನ್ನು ಆಧಾರ ಮಾಡಿಕೊಳ್ಳಬೇಡಿ. ಕಂಪ್ಯೂಟರಿನಲ್ಲಿ ಯಾರದೇ ಪೋಸ್ಟಿನ ಮಾತನ್ನು ಅರೆ ನಿಮಿಷದಲ್ಲಿ ಬದಲಿಸಿ ಚಿತ್ರ ತೆಗೆಯಬಹುದು. ಮೂಲ ಕೊಂಡಿ ತೆರೆಯಿರಿ. ಕೊಂಡಿಯ ತುದಿಯ ಉದ್ದ ಸಂಖ್ಯೆಯೊಳಗೇ ಪೋಸ್ಟ್ ಆದ ಕ್ಷಣ ಅಡಗಿರುತ್ತದೆ, ಅದನ್ನು ಬಿಡಿಸಿ ತೋರಿಸುವ ತಾಣಗಳಿವೆ. ಚಂದಾದಾರರು ಒಂದು ಗಂಟೆಯೊಳಗೆ ಬರೆದದ್ದನ್ನು ತಿದ್ದಬಹುದಾದ್ದರಿಂದ, ತಿದ್ದಿದ ಗುರುತಿದ್ದರೆ ಒತ್ತಿ ಹಳೆಯ ರೂಪವನ್ನೂ ಓದಿ. ಅಳಿಸಿದ ಟ್ವೀಟನ್ನು ಪ್ರಕಟಿಸುವಾಗ ‘ನಂತರ ಅಳಿಸಿದ್ದಾರೆ’ ಎಂದು ಸೇರಿಸಿ. ವಿವಾದದ ಸಾಲಾದರೆ ಒಂದು ಫೋನ್ ಮಾಡಿ ಕೇಳಿ, ಉತ್ತರ ಬರದಿದ್ದರೆ ಹಾಗೆಂದೇ ಬರೆಯಿರಿ.

ಕೊನೆಯದು, ಭಾಷೆಯದ್ದು. ನಮ್ಮ ನಟರು, ರಾಜಕಾರಣಿಗಳು ಕನ್ನಡದಲ್ಲೇ ಬರೆದದ್ದು ಸುದ್ದಿಸಂಸ್ಥೆಯ ಇಂಗ್ಲಿಷ್ ವರದಿಯಾಗಿ, ಅಲ್ಲಿಂದ ಮತ್ತೆ ಕನ್ನಡಕ್ಕೆ ಅನುವಾದವಾಗಿ ಪತ್ರಿಕೆಗೆ ಬರುವುದುಂಟು. ಅವರು ‘ಸುಮ್ನಿರಿ ಸ್ವಾಮಿ’ ಎಂದದ್ದು ‘ಮೌನ ವಹಿಸುವಂತೆ ಕೋರಿದ್ದಾರೆ’ ಎಂದಾಗಿರುತ್ತದೆ. ಉಲ್ಲೇಖ ಚಿಹ್ನೆಯೊಳಗೆ ಅವರ ಮಾತನ್ನು ಇದ್ದ ಹಾಗೆ ಹಾಕಿ, ಕಾಗುಣಿತ ತಪ್ಪಿದ್ದರೂ ಸರಿ.

ಇಂತಿ,
ಜಾಲತಾಣ ಖಾತೆಗಳ ನಿರ್ವಹಣೆಯ ಕೆಲಸದಲ್ಲಿರುವ ಓದುಗ
ಬೆಂಗಳೂರು