ವೀಸಾ ಬೇಡ, ದಾಖಲೆ ಬೇಕು

ಮಾನ್ಯ ಸಂಪಾದಕರೇ,

ರಜೆ ಬಂತೆಂದರೆ ವಿಜಯಪುರ, ಬಾಗಲಕೋಟೆ ಕಡೆಯಿಂದ ಗುಂಪು ಕಟ್ಟಿಕೊಂಡು ಮಲೇಷ್ಯಾ, ನೇಪಾಳಕ್ಕೆ ಹೊರಡುವವರಿದ್ದಾರೆ. ‘ವೀಸಾ ಬೇಡ’ ಎನ್ನುವ ಜಾಹೀರಾತು ಉಳಿದ ಷರತ್ತುಗಳನ್ನು ಹೇಳುವುದಿಲ್ಲ. ಮಲೇಷ್ಯಾ ಭಾರತೀಯರಿಗೆ 30 ದಿನಗಳ ವೀಸಾರಹಿತ ಪ್ರವೇಶವನ್ನು 2026ರ ಡಿಸೆಂಬರ್ 31ರವರೆಗೆ ಕೊಟ್ಟಿದೆ, ನಿಜ. ಆದರೆ ಅಲ್ಲಿ ಇಳಿಯುವ ದಿನದಿಂದ ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು. ತಲುಪುವ ಮುಂಚಿನ ಮೂರು ದಿನಗಳೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಆನ್‌ಲೈನ್‌ನಲ್ಲಿ ತುಂಬಬೇಕು. ಅದು ಉಚಿತ, ಶುಲ್ಕ ಕೇಳುವ ಜಾಲತಾಣ ಅಲ್ಲಿನ ಸರ್ಕಾರದ್ದಲ್ಲ. ವಾಪಸ್ ಟಿಕೆಟ್, ಹೋಟೆಲ್ ಬುಕಿಂಗ್ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ವಿಮಾನ ಕಂಪನಿಯ ಕೌಂಟರಿನಲ್ಲೇ ಇವನ್ನು ಕೇಳುತ್ತಾರೆ, ಏಕೆಂದರೆ ಪ್ರವೇಶ ಸಿಗದವರನ್ನು ಮರಳಿ ಕರೆತರುವ ಹೊಣೆ ಕಂಪನಿಯದು.

ನಮ್ಮ ಭಾಗದಲ್ಲಿ ದೊಡ್ಡ ತೊಡಕು ಹೆಸರಿನದು. ಪಾಸ್‌ಪೋರ್ಟಿನಲ್ಲಿ ಅಡ್ಡಹೆಸರಿನ ಜಾಗ ಖಾಲಿ ಇರುತ್ತದೆ, ಟಿಕೆಟಿನಲ್ಲಿ ಮಾತ್ರ ಆಧಾರ್ ನೋಡಿ ‘ಪಾಟೀಲ’, ‘ಬಿರಾದಾರ’ ಸೇರಿಸಿರುತ್ತಾರೆ. ಎರಡೂ ತಾಳೆಯಾಗದಿದ್ದರೆ ಬೋರ್ಡಿಂಗ್ ಪಾಸ್ ಕೊಡದೆ ನಿಲ್ಲಿಸಬಹುದು. ಪಾಸ್‌ಪೋರ್ಟ್ ಮುಂದಿಟ್ಟುಕೊಂಡೇ ಟಿಕೆಟ್ ಮಾಡಿಸಿ. ಒಂದೇ ಹೆಸರಿದ್ದವರು ಅಡ್ಡಹೆಸರಿನ ಕಾಲಂ ಹೇಗೆ ತುಂಬಬೇಕೆಂದು ಕಂಪನಿಯನ್ನೇ ಕೇಳಬೇಕು.

ನೇಪಾಳಕ್ಕೆ ವಿಮಾನದಲ್ಲಿ ಹೋಗಲು ಪಾಸ್‌ಪೋರ್ಟ್ ಇಲ್ಲವೇ ಮತದಾರರ ಗುರುತಿನ ಚೀಟಿ ಬೇಕು. 15ರಿಂದ 65 ವರ್ಷದವರಿಗೆ ಆಧಾರ್ ನಡೆಯದು. ಟ್ರಾವೆಲ್ ಏಜೆನ್ಸಿಗಳು ಮುಂಗಡ ಹಣ ಪಡೆಯುವ ಮೊದಲೇ ಇಷ್ಟನ್ನು ಕನ್ನಡದಲ್ಲಿ ಬರೆದು ಕೊಡಲಿ.

– ಪ್ರವಾಸ ಏಜೆಂಟ್, ವಿಜಯಪುರ